ಒಂಬತ್ತು ಲಕ್ಷ ಪ್ರತಿ ಕೊಟ್ಟ ಮರದ ತುಂಡು

ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಕೊರೆಗಾರ ಥಾಮಸ್ ಬ್ಯೂಯಿಕ್ ತನ್ನ ಆತ್ಮಕಥೆಯಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದಾನೆ. ಅಲ್ಲಿನ ಪತ್ರಿಕೆಯೊಂದಕ್ಕೆ ಅವನು ಕೊರೆದುಕೊಟ್ಟ ಒಂದು ಪುಟ್ಟ ಮರದಚ್ಚು ಒಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ತೆಗೆದಿತ್ತಂತೆ. ಅದೇ ಕಾಲದ ತಾಮ್ರದ ತಗಡಿನ ಚಿತ್ರಗಳು ಕೆಲವು ಸಾವಿರ ಪ್ರತಿಗೇ ಸವೆದು ಮಸುಕಾಗುತ್ತಿದ್ದವು. ಮರ ಲೋಹಕ್ಕಿಂತ ಗಟ್ಟಿ ನಿಂತ ಈ ಸಂಗತಿಯ ಮೇಲೆ ಹತ್ತೊಂಬತ್ತನೆಯ ಶತಮಾನದ ಬಹುಪಾಲು ಸಚಿತ್ರ ಮುದ್ರಣ ನಿಂತಿತು. ಪತ್ರಿಕೆ, ಪಠ್ಯಪುಸ್ತಕ, ಸಾಬೂನಿನ ಜಾಹೀರಾತು, ನೇಗಿಲಿನ ಬೆಲೆಪಟ್ಟಿ, ಔಷಧದ ಸೀಸೆಯ ಚೀಟಿ, ಇವುಗಳ ಚಿತ್ರ ಹೆಚ್ಚಾಗಿ ಮರದಿಂದಲೇ ಬಂತು.

ಮರದ ಮೇಲೆ ಚಿತ್ರ ಕೆತ್ತಿ ಅಚ್ಚು ಹಾಕುವುದು ಬ್ಯೂಯಿಕ್‌ಗಿಂತ ಎಷ್ಟೋ ಹಳೆಯದು. ಆದರೆ ಹಳೆಯವರು ಹಲಗೆಯ ಮೇಲೆ, ಮರದ ಎಳೆ ಉದ್ದಕ್ಕೆ ಹರಿಯುವ ಮೈಯಲ್ಲಿ, ಚಾಕುವಿನಿಂದ ಕೆತ್ತುತ್ತಿದ್ದರು. ಎಳೆಗೆ ಅಡ್ಡ ಹೋದರೆ ಮರ ಸಿಬಿರೇಳುತ್ತದೆ, ಗೆರೆ ಸಣ್ಣದಾದರೆ ಮುರಿಯುತ್ತದೆ. ಬ್ಯೂಯಿಕ್ ಮತ್ತು ಅವನ ಕಾಲದ ಕೆಲವರು ಮರವನ್ನು ಅಡ್ಡಡ್ಡ ಕತ್ತರಿಸಿ, ಬೆಳವಣಿಗೆಯ ಉಂಗುರಗಳು ಕಾಣುವ ಆ ಕೊಯ್ದ ಮೈಯ ಮೇಲೆ ಕೆಲಸ ಮಾಡಿದರು. ಅಲ್ಲಿ ಎಳೆಯ ಕಾಟವಿಲ್ಲ, ಉಳಿ ಯಾವ ದಿಕ್ಕಿಗಾದರೂ ಹೋಗುತ್ತದೆ. ಅವರು ಆರಿಸಿಕೊಂಡ ಮರ ಬಾಕ್ಸ್‌ವುಡ್. ತೀರ ನಿಧಾನವಾಗಿ ಬೆಳೆಯುವ, ದಂತದಷ್ಟು ಬಿಗಿಯಾದ ಹಳದಿ ಮರ. ಉಪಕರಣವೂ ಬಡಗಿಯದಲ್ಲ, ಲೋಹದ ಮೇಲೆ ಹೆಸರು ಕೊರೆಯುವವರ ಚೂಪು ಉಳಿ. ಬ್ಯೂಯಿಕ್ 14ನೇ ವಯಸ್ಸಿನಲ್ಲಿ, 1767ರಲ್ಲಿ, ರಾಲ್ಫ್ ಬೀಲ್ಬಿ ಎಂಬ ಲೋಹದ ಕೊರೆಗಾರನ ಬಳಿ ಕೆಲಸ ಕಲಿಯಲು ಸೇರಿದವನು. ಬೆಳ್ಳಿ ಚಮಚಕ್ಕೆ ಹೆಸರು ಹಾಕುವ ಕೈಯೇ ಮರಕ್ಕೆ ತಿರುಗಿತು.

ಇನ್ನೊಂದು ಅನುಕೂಲ ವ್ಯಾಪಾರಿಗಳಿಗೆ ಬೇಕಾದದ್ದು. ಈ ಮರದ ತುಂಡನ್ನು ಸೀಸದ ಅಚ್ಚುಮೊಳೆಯ ಎತ್ತರಕ್ಕೇ ಸರಿಯಾಗಿ ಹೆರೆದು ತಯಾರಿಸುತ್ತಿದ್ದರು. ಹಾಗಾಗಿ ಅಕ್ಷರವೂ ಚಿತ್ರವೂ ಒಂದೇ ಚೌಕಟ್ಟಿನಲ್ಲಿ ಕೂತು, ಒಂದೇ ಶಾಯಿ ಹಚ್ಚಿಸಿಕೊಂಡು, ಒಂದೇ ಒತ್ತಿಗೆ ಅಚ್ಚಾಗುತ್ತಿದ್ದವು. ತಾಮ್ರದ ಚಿತ್ರಕ್ಕಾದರೆ ಬೇರೆ ಯಂತ್ರ, ಬೇರೆ ಕೆಲಸಗಾರ, ಬೇರೆ ಖರ್ಚು. ಲೆಟರ್‌ಪ್ರೆಸ್ ಕಾಲದಲ್ಲಿ ಮದುವೆ ಕರೆಯೋಲೆ ಅಚ್ಚು ಹಾಕಿಸಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಣೇಶನ ಬ್ಲಾಕು ಮೊಳೆಗಳ ಜೊತೆಗೇ ಕೂರುತ್ತಿದ್ದದ್ದು ಇದೇ ಲೆಕ್ಕದಲ್ಲಿ.

ಬ್ಯೂಯಿಕ್‌ನನ್ನು ಜಗತ್ತು ನೆನೆಯುವುದು ಎರಡು ಗ್ರಂಥಗಳಿಂದ. 1790ರ ಚತುಷ್ಪಾದಿಗಳ ಪುಸ್ತಕ, 1797 ಮತ್ತು 1804ರಲ್ಲಿ ಎರಡು ಸಂಪುಟಗಳಾಗಿ ಬಂದ ಬ್ರಿಟನ್ನಿನ ಹಕ್ಕಿಗಳ ಪುಸ್ತಕ. ಆದರೆ ಅವನ ಅಂಗಡಿ ನಡೆದದ್ದು ಊರಿನ ಚಿಲ್ಲರೆ ಕೆಲಸದಿಂದ. ಹೆಂಡದಂಗಡಿಯ ಬಿಲ್ಲು, ಕಲ್ಲಿದ್ದಲಿನ ರಸೀದಿ, ಬ್ಯಾಂಕ್ ನೋಟು, ಪತ್ರಿಕೆಯ ತಲೆಚಿತ್ರ. ಇಂಥ ಕೆಲಸಗಳ ನಡುವೆ, ಸಂಜೆ ಉಳಿದ ಹೊತ್ತಿನಲ್ಲಿ, ಅವನು ತನ್ನ ಹಕ್ಕಿಗಳನ್ನು ಕೊರೆದ. ಹಕ್ಕಿಯ ಗರಿಯಲ್ಲಿ ಕಾಣುವ ಆ ಕೈಹಿಡಿತ ಬಿಲ್ಲಿನ ಮೂಲೆಯ ಹಡಗಿನಲ್ಲೂ ಇದೆ. ಒಂದನ್ನು ಕಲೆ ಎಂದು ಮ್ಯೂಸಿಯಮ್ಮಿಗೆ ಸೇರಿಸಿ ಇನ್ನೊಂದನ್ನು ವ್ಯಾಪಾರದ ಕಸ ಎಂದು ಬಿಡುವುದನ್ನು ನಾನು ಒಪ್ಪಲಾರೆ.

ಬ್ಯೂಯಿಕ್ 1828ರಲ್ಲಿ ತೀರಿಕೊಂಡ. ಅವನ ಕಸುಬು ಮುಂದಿನ ಐವತ್ತು ವರ್ಷಗಳಲ್ಲಿ ಕಾರ್ಖಾನೆಯಾಯಿತು. 1832ರಲ್ಲಿ ಲಂಡನ್ನಿನ ‘ಪೆನ್ನಿ ಮ್ಯಾಗಜಿನ್’, 1842ರಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’, 1857ರಲ್ಲಿ ನ್ಯೂಯಾರ್ಕಿನ ‘ಹಾರ್ಪರ್ಸ್ ವೀಕ್ಲಿ’ ಬಂದವು. ವಾರವಾರವೂ ದೊಡ್ಡ ಚಿತ್ರಗಳು ಬೇಕು. ಬಾಕ್ಸ್‌ವುಡ್ ಕಾಂಡವೋ ಒಂದು ಗೇಣು ಅಗಲ ಸಿಕ್ಕುವುದೂ ಕಷ್ಟ. ಅದಕ್ಕೆ ಚಿಕ್ಕ ಚಿಕ್ಕ ತುಂಡುಗಳನ್ನು ಹಿಂಬದಿಯಿಂದ ಬೋಲ್ಟು ಹಾಕಿ ಬಿಗಿದು ಒಂದು ಪುಟದಷ್ಟು ಅಗಲದ ಅಚ್ಚು ಮಾಡಿದರು. ಚಿತ್ರಗಾರ ಅದರ ಮೇಲೆ ಇಡೀ ಚಿತ್ರವನ್ನು ತಿರುವುಮುರುವಾಗಿ ಬರೆದ ಮೇಲೆ ಬೋಲ್ಟು ಬಿಚ್ಚಿ, ಒಬ್ಬೊಬ್ಬ ಕೊರೆಗಾರನಿಗೆ ಒಂದೊಂದು ತುಂಡು ಹಂಚುತ್ತಿದ್ದರು. ಒಬ್ಬನ ಪಾಲಿಗೆ ಆಕಾಶ, ಒಬ್ಬನ ಪಾಲಿಗೆ ಕುದುರೆಯ ಹಿಂಗಾಲು. ಮರಳು ತುಂಬಿದ ತೊಗಲಿನ ಚೀಲದ ಮೇಲೆ ತುಂಡನ್ನು ಇಟ್ಟು, ಎಡಗೈಯಿಂದ ಅದನ್ನು ತಿರುಗಿಸುತ್ತ, ಬಲಗೈಯ ಉಳಿಯನ್ನು ಹೆಚ್ಚು ಕದಲಿಸದೆ ಗೆರೆ ತೆಗೆಯುವುದು ಕ್ರಮ. ರಾತ್ರಿಯ ಕೆಲಸಕ್ಕೆ ನೀರು ತುಂಬಿದ ಗಾಜಿನ ಗುಂಡು. ದೀಪದ ಬೆಳಕು ಅದರ ಮೂಲಕ ಹಾದು ಉಳಿಯ ತುದಿಯ ಮೇಲೆ ಬೀಳುತ್ತಿತ್ತು. ಬೆಳಗಾಗುವಷ್ಟರಲ್ಲಿ ತುಂಡುಗಳನ್ನು ಮತ್ತೆ ಬಿಗಿದು, ಮೇಸ್ತ್ರಿಯೊಬ್ಬ ಸಂದುಗಳಲ್ಲಿ ಗೆರೆ ಕೂಡಿಸಿ ಮುಗಿಸುತ್ತಿದ್ದ. ಆ ಕಾಲದ ಸಂಚಿಕೆ ಸಿಕ್ಕರೆ ದೊಡ್ಡ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನೂಲಿನಷ್ಟು ತೆಳ್ಳಗಿನ ಬಿಳಿ ಗೆರೆಗಳು ಕಂಡಾವು. ತುಂಡು ತುಂಡು ಕೂಡಿದ ಜಾಗ ಅದು.

ಕೊರೆದವರ ಹೆಸರು ಮಾತ್ರ ಹೆಚ್ಚಿನ ಕಡೆ ಇಲ್ಲ. ಲಂಡನ್ನಿನ ಡೆಲ್ಜಿಯಲ್ ಸಹೋದರರ ಕಂಪನಿಯಿಂದ ಹೊರಬಿದ್ದ ಚಿತ್ರಗಳ ಮೂಲೆಯಲ್ಲಿ ‘ಡೆಲ್ಜಿಯಲ್’ ಎಂದಷ್ಟೇ ಇರುತ್ತದೆ. ಅದು ಕಂಪನಿಯ ಮುದ್ರೆ. ಅಣ್ಣತಮ್ಮಂದಿರ ಜೊತೆ ಉಳಿ ಹಿಡಿದ ಸಹೋದರಿ ಮಾರ್ಗರೆಟ್, ಕೂಲಿಗೆ ಬಂದು ಕಣ್ಣು ಸವೆಸಿದ ಹುಡುಗರು, ಎಲ್ಲರೂ ಆ ಒಂದು ಹೆಸರಿನ ಕೆಳಗೆ ಮುಚ್ಚಿಹೋದರು. ಕಂಪನಿ 1839ರಿಂದ 1893ರವರೆಗೆ ತೆಗೆದಿಟ್ಟ ಕರಡಚ್ಚುಗಳು ಸುಮಾರು 54,000. ಅವು 49 ದೊಡ್ಡ ಆಲ್ಬಮ್ಮುಗಳಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಸಸೆಕ್ಸ್ ವಿಶ್ವವಿದ್ಯಾಲಯದ ಬೆಥನ್ ಸ್ಟೀವನ್ಸ್ ಅವುಗಳನ್ನು ಪುಟಪುಟವಾಗಿ ಓದಿ ಈ ಕೊರೆಗಾರರ ಬದುಕಿನ ಬಗ್ಗೆ 2022ರಲ್ಲಿ ಪುಸ್ತಕ ಬರೆದರು. ಪ್ರಸಿದ್ಧ ಲೇಖಕರ ಚಿತ್ರಗಳ ನಡುವೆ ಅಂಗಡಿ ಸಾಮಾನುಗಳ ಜಾಹೀರಾತಿನ ಚಿತ್ರಗಳೂ ಅದೇ ಆಲ್ಬಮ್ಮುಗಳಲ್ಲಿ ಅಂಟಿಕೊಂಡಿವೆ. ಕೊರೆದವರಿಗೆ ಎರಡೂ ದಿನದ ದುಡಿಮೆಯೇ.

1880ರ ದಶಕದಲ್ಲಿ ಫೋಟೋವನ್ನು ಚುಕ್ಕಿಗಳಾಗಿ ಒಡೆದು ಲೋಹದ ಮೇಲೆ ಇಳಿಸುವ ಹಾಫ್‌ಟೋನ್ ಬ್ಲಾಕು ಬಂತು. ಹತ್ತು ಹದಿನೈದು ವರ್ಷಗಳಲ್ಲಿ ಪತ್ರಿಕೆಗಳು ಮರವನ್ನು ಕೈಬಿಟ್ಟವು. ಆದರೆ ವ್ಯಾಪಾರದ ಬೆಲೆಪಟ್ಟಿಗಳು ಬಿಡಲಿಲ್ಲ. ಒರಟು ಕಾಗದದ ಮೇಲೆ ಹಾಫ್‌ಟೋನ್ ಫೋಟೋ ಬರೀ ಬೂದಿ ಬಣ್ಣದ ಮಬ್ಬು. ಹೊಲಿಗೆ ಯಂತ್ರ ಕೊಳ್ಳುವವನಿಗೆ ಚಕ್ರ, ಹಿಡಿ, ನಟ್ಟು, ಬೋಲ್ಟು ಎಲ್ಲ ಬೇರೆ ಬೇರೆಯಾಗಿ ಕಾಣಬೇಕು. ಯಾವ ಭಾಗ ಮುಂದೆ, ಯಾವುದು ಹಿಂದೆ, ಯಾವುದು ಹೊಳೆಯುವ ಉಕ್ಕು, ಯಾವುದು ಎರಕದ ಕಬ್ಬಿಣ ಎಂದು ಕೊರೆಗಾರ ಗೆರೆಯ ದಪ್ಪದಲ್ಲೇ ಹೇಳಬಲ್ಲವನಾಗಿದ್ದ. ಕ್ಯಾಮೆರಾ ಇದ್ದದ್ದನ್ನು ತೋರಿಸುತ್ತಿತ್ತು, ಕೊರೆಗಾರ ಅರ್ಥ ಮಾಡಿಸುತ್ತಿದ್ದ. ಇಪ್ಪತ್ತನೆಯ ಶತಮಾನಕ್ಕೂ ಈ ಕೆಲಸ ಮುಂದುವರಿದದ್ದು ಈ ಕಾರಣಕ್ಕೆ. ಕಡೆಗೆ ಆಫ್‌ಸೆಟ್ ಬಂದಾಗ ಅಚ್ಚುಗಳೆಲ್ಲ ಗೋದಾಮು ಸೇರಿದವು. ಎಷ್ಟೋ ಒಲೆಗೆ ಬಿದ್ದವು.

ಅವನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ಗ್ರಾಫಿಕ್ ಡಿಸೈನ್ ಮಂದಿಯೇ ಮುಂದು. ಷಿಕಾಗೋದ ರಾಬರ್ಟ್ ಹಂಟರ್ ಮಿಡಲ್ಟನ್ ಅವರನ್ನು ನೋಡಿ. 1898ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಲಡ್ಲೋ ಎಂಬ ಅಚ್ಚುಯಂತ್ರ ಕಂಪನಿಯಲ್ಲಿ ಹತ್ತಿರ ಹತ್ತಿರ ಅರ್ಧ ಶತಮಾನ ಅಕ್ಷರ ವಿನ್ಯಾಸ ಮಾಡಿದವರು. 1940ರ ದಶಕದಲ್ಲಿ ಬ್ಯೂಯಿಕ್ ಅಂಗಡಿಯ ಸಾವಿರಕ್ಕೂ ಮಿಕ್ಕಿದ ಮೂಲ ಅಚ್ಚುಗಳು ಷಿಕಾಗೋದ ಪುಸ್ತಕ ವ್ಯಾಪಾರಿಯೊಬ್ಬರ ಮೂಲಕ ಅಲ್ಲಿಗೆ ಬಂದವು. ಮಿಡಲ್ಟನ್ ಅವುಗಳಿಗೆ ಮನಸೋತರು. ತಮ್ಮ ಖಾಸಗಿ ಮುದ್ರಣಾಲಯಕ್ಕೆ ಬ್ಯೂಯಿಕ್ ಹುಟ್ಟಿದ ಮನೆಯ ಹೆಸರನ್ನೇ, ಚೆರಿಬರ್ನ್ ಎಂದು, ಇಟ್ಟರು. ಕಚೇರಿ ಮುಗಿಸಿ ಬಂದ ಮೇಲಿನ ಹೊತ್ತೆಲ್ಲ ಆ ಅಚ್ಚುಗಳಿಗೆ ಹೋಯಿತು.

ಅವರು ಎದುರಿಸಿದ ಕಷ್ಟ ಕಸುಬಿನದ್ದು. ಬ್ಯೂಯಿಕ್ ತನ್ನ ಅಚ್ಚಿನ ಮೈಯನ್ನು ಎಲ್ಲ ಕಡೆ ಒಂದೇ ಮಟ್ಟದಲ್ಲಿ ಬಿಡುತ್ತಿರಲಿಲ್ಲ. ದೂರದ ಬೆಟ್ಟ, ಮಂಜು, ನೀರಿನಾಚೆಯ ದಡ ಬರಬೇಕಾದ ಜಾಗವನ್ನು ಮೊದಲೇ ಕೂದಲೆಳೆಯಷ್ಟು ಹೆರೆದು ತಗ್ಗಿಸಿ, ಆಮೇಲೆ ಅದರ ಮೇಲೆ ಗೆರೆ ಕೊರೆಯುತ್ತಿದ್ದ. ತಗ್ಗಿನ ಮೇಲೆ ಕಾಗದ ಒತ್ತುವುದು ಹಗುರ, ಶಾಯಿ ಹತ್ತುವುದೂ ಕಡಿಮೆ. ಬೆಟ್ಟ ಬೂದಾಗಿ ಹಿಂದೆ ಸರಿಯುತ್ತದೆ, ಮುಂದಿನ ಹಕ್ಕಿ ಕಪ್ಪಾಗಿ ಎದ್ದು ನಿಲ್ಲುತ್ತದೆ. ಒಂದೇ ಶಾಯಿ, ಒಂದೇ ಒತ್ತು, ಆದರೂ ನಾಲ್ಕಾರು ಬಗೆಯ ಕಪ್ಪು. ಇದು ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಅಚ್ಚನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆ ಹಿಡಿದರೆ ಮಾತ್ರ ಆ ತಗ್ಗು ಕಾಣುತ್ತದೆ. ಬ್ಯೂಯಿಕ್‌ನ ಕಾಲದ ಮುದ್ರಕರೇ ಇದನ್ನು ತಿಳಿಯದೆ ಗಟ್ಟಿಯಾಗಿ ಒತ್ತಿ ಎಲ್ಲವನ್ನೂ ಕಪ್ಪು ಮಾಡಿಬಿಡುತ್ತಿದ್ದರೆಂದು ಅವನಿಗೆ ಬೇಸರವಿತ್ತು. ಮಿಡಲ್ಟನ್ ಒಂದೊಂದು ಅಚ್ಚಿಗೂ ಬೇರೆ ಬೇರೆಯಾಗಿ ಒತ್ತಡ ಹೊಂದಿಸಿದರು. ಕಾಗದದ ಹಿಂದೆ ತೆಳು ಕಾಗದದ ಚೂರುಗಳನ್ನು ಕತ್ತರಿಸಿ ಅಂಟಿಸುವುದು, ಒಂದು ಪ್ರತಿ ತೆಗೆದು ನೋಡುವುದು, ಚೂರು ಕಿತ್ತು ಮತ್ತೆ ಅಂಟಿಸುವುದು. ಮೊಳೆ ಮುದ್ರಣ ಬಲ್ಲವರಿಗೆ ಈ ಕೆಲಸದ ತಾಳ್ಮೆ ಎಂಥದ್ದೆಂದು ಗೊತ್ತು. 1970ರಲ್ಲಿ ಅವರು ಮೂಲ ಅಚ್ಚುಗಳಿಂದಲೇ ತೆಗೆದ ನೂರು ಚಿತ್ರಗಳ ಸಂಪುಟ ಷಿಕಾಗೋದ ನ್ಯೂಬೆರಿ ಲೈಬ್ರರಿಯ ಮೂಲಕ ಹೊರಬಂತು. ಬ್ಯೂಯಿಕ್ ಬಯಸಿದ ಬೂದು ಬಣ್ಣ ಕಾಗದದ ಮೇಲೆ ಇಳಿದದ್ದು ಅವನು ಸತ್ತು ನೂರ ನಲವತ್ತು ವರ್ಷಗಳ ಮೇಲೆ ಎಂದರೆ ತಪ್ಪಾಗಲಾರದು.

ಇನ್ನೊಬ್ಬರು ಮೇಷ್ಟ್ರು. ರಾಬ್ ರಾಯ್ ಕೆಲ್ಲಿ 1950ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಮಿನಿಯಾಪೊಲಿಸ್ ಕಲಾಶಾಲೆಯಲ್ಲಿ ಗ್ರಾಫಿಕ್ ಡಿಸೈನ್ ಕಲಿಸಲು ಸೇರಿದರು. ವಿದ್ಯಾರ್ಥಿಗಳು ಅಕ್ಷರವನ್ನು ಕೈಯಲ್ಲಿ ಹಿಡಿದು ಕಲಿಯಲಿ ಎಂದು, ಮುಚ್ಚಿಹೋಗುತ್ತಿದ್ದ ಮುದ್ರಣಾಲಯಗಳಿಂದ ಹಳೆಯ ಮರದ ಅಕ್ಷರಗಳನ್ನು ಕೊಂಡು ತಂದರು. ಸರ್ಕಸ್ಸು, ನಾಟಕ, ಹರಾಜುಗಳ ದೊಡ್ಡ ಪೋಸ್ಟರಿಗೆ ಬಳಸುತ್ತಿದ್ದ ಅಕ್ಷರಗಳು ಅವು. ಚಿತ್ರದ ಅಚ್ಚೂ ಈ ಅಕ್ಷರವೂ ಒಂದೇ ಕಸುಬಿನ ಎರಡು ಕವಲು. ಎರಡಕ್ಕೂ ಮರದ ಅಡ್ಡಕೊಯ್ತದ ಮೈಯೇ ಬೇಕು. 1828ರಲ್ಲಿ ನ್ಯೂಯಾರ್ಕಿನಲ್ಲಿ ಮರದ ಅಕ್ಷರಗಳ ಮೊದಲ ಬೆಲೆಪಟ್ಟಿ ಹೊರತಂದವನು ಡೇರಿಯಸ್ ವೆಲ್ಸ್. ಅವನಿಂದ ಬೆಳೆದ ಕಂಪನಿ ಕೊರೆಗಾರರಿಗೆ ಬಾಕ್ಸ್‌ವುಡ್ ತುಂಡುಗಳನ್ನೂ ಮಾರುತ್ತಿತ್ತು. ಅಕ್ಷರಕ್ಕೆ ಮಾತ್ರ ಅಗ್ಗದ ಮೇಪಲ್ ಮರ ಸಾಕಾಗಿತ್ತು.

ಈ ಅಕ್ಷರಗಳನ್ನು ಯಾರು ಮಾಡಿದರು, ಯಾವಾಗ ಮಾಡಿದರು ಎಂದು ತರಗತಿಯಲ್ಲಿ ಪ್ರಶ್ನೆ ಎದ್ದಾಗ ಉತ್ತರ ಕೊಡುವ ಪುಸ್ತಕವೇ ಇರಲಿಲ್ಲ. ಕೆಲ್ಲಿ ತಾವೇ ಹುಡುಕಲು ಹೊರಟರು. ಹಳೆಯ ಬೆಲೆಪಟ್ಟಿಗಳನ್ನು ಕಲೆಹಾಕಿದರು, ಒಂದೊಂದು ಅಕ್ಷರವನ್ನೂ ತಿರುವಿ ನೋಡಿದರು. ತಯಾರಕರು ತಮ್ಮ ಹೆಸರನ್ನು ಹೆಚ್ಚಾಗಿ ದೊಡ್ಡ ‘ಎ’ ಅಕ್ಷರದ ಪಕ್ಕದ ಮೈಮೇಲೆ ಸಣ್ಣದಾಗಿ ಒತ್ತುತ್ತಿದ್ದರು. ಅಚ್ಚಾದ ಕಾಗದದಲ್ಲಿ ಅದು ಎಂದೂ ಕಾಣುವುದಿಲ್ಲ. ಪೆಟ್ಟಿಗೆಯಲ್ಲಿ ಆ ಒಂದು ಅಕ್ಷರ ಕಳೆದುಹೋಗಿದ್ದರೆ ಇಡೀ ಕುಟುಂಬದ ಕುಲಗೋತ್ರವೇ ಹೋದಂತೆ. ಹೀಗೆ ಕೂಡಿಸಿದ ಸಾಮಗ್ರಿಯಿಂದ 1969ರಲ್ಲಿ ‘ಅಮೆರಿಕನ್ ವುಡ್ ಟೈಪ್: 1828–1900’ ಪ್ರಕಟವಾಯಿತು. ಈ ವಿಷಯದಲ್ಲಿ ಇಂದಿಗೂ ಎಲ್ಲರೂ ಮೊದಲು ತೆರೆಯುವುದು ಅದನ್ನೇ. ಕೆಲ್ಲಿ ಸಂಗ್ರಹಿಸಿದ ಸುಮಾರು 150 ಬಗೆಯ ಅಕ್ಷರಗಳು ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿವೆ. ಅಲ್ಲಿ ಡಿಸೈನ್ ಪ್ರಾಧ್ಯಾಪಕರಾಗಿದ್ದ ಡೇವಿಡ್ ಶೀಲ್ಡ್ಸ್ ಅವೆಲ್ಲವನ್ನೂ ಮತ್ತೆ ಪರಿಶೀಲಿಸಿ 2022ರಲ್ಲಿ ಅವುಗಳ ಇತಿಹಾಸವನ್ನೂ ಪಟ್ಟಿಯನ್ನೂ ಪುಸ್ತಕವಾಗಿ ಕೊಟ್ಟರು. ಒಬ್ಬ ಮೇಷ್ಟ್ರ ತರಗತಿಯ ಸಾಮಾನು ಅರವತ್ತು ವರ್ಷಗಳಲ್ಲಿ ಒಂದು ಅಧ್ಯಯನ ಕ್ಷೇತ್ರವಾದ ಬಗೆ ಇದು.

ಹಳೆಯ ಮರದಚ್ಚಿನ ಚಿತ್ರಗಳನ್ನು ಬೇರೆ ರೀತಿಯಲ್ಲಿ ಬಳಸಿದವರೂ ಇದ್ದಾರೆ. ಚಿತ್ರಕಲಾವಿದ ಮ್ಯಾಕ್ಸ್ ಅರ್ನ್‌ಸ್ಟ್ ಹತ್ತೊಂಬತ್ತನೆಯ ಶತಮಾನದ ಬೆಲೆಪಟ್ಟಿ ಮತ್ತು ಅಗ್ಗದ ಕಾದಂಬರಿಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸಿ 1929 ಮತ್ತು 1934ರಲ್ಲಿ ಕನಸಿನಂಥ ಚಿತ್ರಕಾದಂಬರಿಗಳನ್ನು ಮಾಡಿದ. ನ್ಯೂಯಾರ್ಕಿನ ಡೋವರ್ ಪ್ರಕಾಶನ ಇಂಥ ಸಾವಿರಾರು ಚಿತ್ರಗಳನ್ನು ಹಕ್ಕುಮುಕ್ತವಾಗಿ ಮರುಮುದ್ರಿಸಿತು. ಇಂದು ಕಾಫಿ ಪುಡಿ ಪೊಟ್ಟಣದ ಮೇಲೋ ಹೋಟೆಲಿನ ಮೆನು ಮೇಲೋ ಕಾಣುವ ‘ಹಳೆಯ ಕಾಲದ’ ಚಿತ್ರಗಳಲ್ಲಿ ಎಷ್ಟೋ ಆ ಪುಸ್ತಕಗಳಿಂದ ಬಂದವು. ಅದು ತಪ್ಪೇನಲ್ಲ. ಆದರೆ ಸ್ಕ್ಯಾನು ಕೊಡುವುದು ಗೆರೆಯನ್ನು ಮಾತ್ರ. ತಗ್ಗಿಸಿದ ಮೈ, ಪಕ್ಕದಲ್ಲಿ ಒತ್ತಿದ ಹೆಸರು, ಹಿಂಬದಿಯ ಬೋಲ್ಟಿನ ತೂತು ಇವೆಲ್ಲ ಮರದಲ್ಲೇ ಉಳಿಯುತ್ತವೆ. ಮರ ಹೋದರೆ ಅವೂ ಹೋದವು.

ಉಳಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ‘ಆಲಿಸ್’ ಕಥೆಗಳಿಗೆ ಜಾನ್ ಟೆನಿಯಲ್ ಬರೆದ ಚಿತ್ರಗಳನ್ನು ಕೊರೆದದ್ದು ಇದೇ ಡೆಲ್ಜಿಯಲ್ ಕಂಪನಿ. ಪುಸ್ತಕ ಅಚ್ಚಾದದ್ದು ಮರದಿಂದಲ್ಲ, ಅದರ ಅಚ್ಚು ತೆಗೆದು ತಾಮ್ರ ಕೂರಿಸಿ ಮಾಡಿದ ಎಲೆಕ್ಟ್ರೋಟೈಪ್ ಪ್ರತಿಗಳಿಂದ. ಹಾಗಾಗಿ ಮೂಲ ಮರದಚ್ಚುಗಳು ಸವೆಯದೆ ಉಳಿದು, 1985ರಲ್ಲಿ ಲಂಡನ್ನಿನ ಬ್ಯಾಂಕೊಂದರ ಕಪಾಟಿನಲ್ಲಿ ಸಿಕ್ಕವು. ಅವುಗಳಿಂದ ಹೊಸದಾಗಿ ಪ್ರತಿ ತೆಗೆದಾಗ, ನೂರಿಪ್ಪತ್ತು ವರ್ಷ ಓದುಗರು ನೋಡಿದ್ದಕ್ಕಿಂತ ಎಷ್ಟೋ ನವುರಾದ ಗೆರೆಗಳು ಕಾಣಿಸಿದವು.

ಭಾರತದಲ್ಲಿ ಈ ಕಸುಬು ಬೇರೂರಿದ್ದು ಕಲ್ಕತ್ತದಲ್ಲಿ. 1816ರಲ್ಲಿ ಅಲ್ಲಿ ‘ಅನ್ನದಾಮಂಗಲ’ ಎಂಬ ಬಂಗಾಳಿ ಕಾವ್ಯ ಚಿತ್ರಗಳೊಂದಿಗೆ ಅಚ್ಚಾಯಿತು. ಆಮೇಲೆ ಬಟತಲಾ ಪ್ರದೇಶದ ಅಗ್ಗದ ಪುಸ್ತಕಗಳಿಗೆ, ಪಂಚಾಂಗಗಳಿಗೆ, ಕೂದಲೆಣ್ಣೆಯ ಜಾಹೀರಾತುಗಳಿಗೆ ಮರದಚ್ಚು ಕೊರೆದವರಲ್ಲಿ ಕಮ್ಮಾರ, ಅಕ್ಕಸಾಲಿಗ ಮನೆತನದವರು ಬಹಳ. ಅಲ್ಲೂ ಲೋಹದ ಕೈಯೇ ಮರಕ್ಕೆ ಬಂದದ್ದು. ಕನ್ನಡದ ದಾರಿ ಬೇರೆಯಾಯಿತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಅಚ್ಚಾದದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಸೀಸದ ಮೊಳೆಗಳೂ ಇದ್ದವು, ಇಪ್ಪತ್ತನೆಯ ಶತಮಾನದಲ್ಲಿ ಮರದ ಹಲಗೆಗೆ ಹೊಡೆದ ಸತುವಿನ ಬ್ಲಾಕುಗಳು ಬಂದವು. ಜಿಲ್ಲೆ, ತಾಲ್ಲೂಕಿನ ಟ್ರೆಡಲ್ ಮುದ್ರಣಾಲಯಗಳಲ್ಲಿ ಗಣೇಶ, ವೆಂಕಟರಮಣ, ನಾಟಕ ಕಂಪನಿಯ ನಾಯಕ ನಾಯಕಿ, ಊದುಬತ್ತಿ ಮತ್ತು ಬೀಡಿಯ ಗುರುತು, ಚುನಾವಣೆಯ ಚಿಹ್ನೆ, ಎಲ್ಲಕ್ಕೂ ಬ್ಲಾಕು ಇರುತ್ತಿತ್ತು. ಆಫ್‌ಸೆಟ್ಟು, ಡಿಟಿಪಿ ಬಂದ ಮೇಲೆ ಮೊಳೆ ಸೀಸದ ತೂಕಕ್ಕೆ ಹೋಯಿತು, ಬ್ಲಾಕು ಸತುವಿನ ತೂಕಕ್ಕೆ ಹೋಯಿತು.

ಇನ್ನೂ ಹೋಗದವು ಅಲ್ಲಲ್ಲಿ ಇವೆ. ಅಟ್ಟದ ಮೇಲೆ, ಮುಚ್ಚಿದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಧೂಳು ಹಿಡಿದ ಮರದ ಕೇಸುಗಳಲ್ಲಿ. ಕೆಲ್ಲಿ ಮತ್ತು ಮಿಡಲ್ಟನ್ ಮಾಡಿದ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಾಗಿರಲಿಲ್ಲ. ಒಂದು ಕೈಮುದ್ರಣ ಯಂತ್ರ, ಒಂದಷ್ಟು ಕಪಾಟು, ಗೊತ್ತಿದ್ದವರನ್ನು ಕೇಳುವ ವಿನಯ ಇವಿಷ್ಟರಿಂದ ಅದು ಶುರುವಾಯಿತು. ನಮ್ಮ ಬೆಂಗಳೂರು, ಮೈಸೂರಿನ ಕಲಾಶಾಲೆಗಳಲ್ಲಿ ಅಚ್ಚುಕಲೆ ಕಲಿಸುತ್ತಾರೆ. ಡಿಸೈನ್ ಕಾಲೇಜುಗಳೂ ಈಗ ಹಲವು. ಅಲ್ಲಿನ ಅಧ್ಯಾಪಕರು ಒಂದು ವರ್ಷದ ಪಾಠವಾಗಿ ವಿದ್ಯಾರ್ಥಿಗಳನ್ನು ಹಳೆಯ ಮುದ್ರಣಾಲಯಗಳಿಗೆ ಕಳಿಸಲಿ. ಸಿಕ್ಕ ಬ್ಲಾಕಿನಿಂದ ಒಂದು ಪ್ರತಿ ತೆಗೆದು, ಅದನ್ನು ಮಾಡಿಸಿದವರು ಯಾರು, ಮಾಡಿಕೊಟ್ಟವರು ಯಾವ ಊರಿನವರು, ಏನಕ್ಕೆ ಬಳಸಿದರು ಎಂದು ಬರೆದಿಡಲಿ. ಹೇಳಬಲ್ಲ ಕಂಪೋಸಿಟರುಗಳು, ಮೆಷಿನ್‌ಮನ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ, ಅವರಿಗೆಲ್ಲ ವಯಸ್ಸಾಗಿದೆ.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೆಯ ಪ್ರೆಸ್ಸಿನ ಸಾಮಾನಿದ್ದರೆ ಗುಜರಿಯವನನ್ನು ಕರೆಯುವ ಮೊದಲು ಹತ್ತಿರದ ಕಲಾಶಾಲೆಗೆ ಒಂದು ಫೋನು ಮಾಡಿ. ಬ್ಲಾಕಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದನ್ನಾಗಲಿ ಪಕ್ಕದ ಗುರುತನ್ನಾಗಲಿ ಒರೆಸಬೇಡಿ.